ಮಾವನ ಬೀಡಿ, ಅತ್ತೆಯ ಗಾಳಿ ಮಿಷನ್ನು

ನಾವೇನೂ ಊರೋರನ್ನ ನಗಿಸೋಕೆ ಅಂತ ಬದುಕ್ತಿಲ್ಲ ಕಣ್ರೀ. ಆದರೂ ನಮ್ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ. ಬ್ಲೌಸ್ ಅಳತೆ ಕೊಡೋಕೆ ಬಂದ ಹೆಂಗಸರು ಅಳತೆ ಕೊಟ್ಟ ಮೇಲೂ ಎದ್ದು ಹೋಗಲ್ಲ. "ಆಮೇಲೆ ಏನಾಯ್ತು, ಹೇಳಕ್ಕಾ" ಅಂತ ಕೂತೇ ಇರ್ತಾರೆ. ಹೇಳ್ತಾ ಹೇಳ್ತಾ ನಾನು ಎಷ್ಟೋ ತೋಳುಗಳನ್ನ ತಿರುಗುಮುರುಗಾಗಿ ಹೊಲಿದಿದ್ದೂ ಉಂಟು.

ತಿಪಟೂರಿನಿಂದ ತುರುವೇಕೆರೆಗೆ ಹೋಗೋ ಕಡೆ ನಮ್ಮೂರು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಕಿಟಕಿಯಾಚೆ ಜಗಲಿ. ಜಗಲಿ ಮೇಲೆ ನಮ್ಮ ಮಾವ, ಮಾವನ ಬೆರಳ ಸಂದಿಯಲ್ಲಿ ಬೀಡಿ. ನಾನು ಸೊಸೆಯಾಗಿ ಬಂದ ದಿನದಿಂದ ನೋಡಿದ್ದು ಇದನ್ನೇ. ಮಾವ ಅಂದರೆ ಸಾಮಾನ್ಯದವರಲ್ಲ. ತೋಟದ ಕಾಯಿಯನ್ನ ಅಟ್ಟದಲ್ಲಿ ಕೂಡಿಹಾಕಿ, ಒಳಗಿನ ನೀರೆಲ್ಲ ಆರಿ ಉಂಡೆ ಕೊಬ್ಬರಿ ಆಗೋವರೆಗೂ ಹೆತ್ತ ಮಕ್ಕಳ ಥರ ನೋಡ್ಕೊಳ್ಳೋರು. ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ಸಾಕು, "ಇದು ಆಗಿದೆ, ಇದಕ್ಕಿನ್ನೂ ಒಂದು ತಿಂಗಳು ಬೇಕು, ಇದು ಒಳಗೇ ಕೆಟ್ಟಿದೆ" ಅಂತ ಹೇಳಿಬಿಡೋರು. ಒಡೆದು ನೋಡಿದರೆ ಹಾಗೇ ಇರೋದು.

ಅಂಥ ಮಾವನಿಗೆ ಎರಡು ವರ್ಷದ ಹಿಂದೆ ಉಸಿರು ಕಟ್ಟೋಕೆ ಶುರುವಾಯ್ತು. ಅಟ್ಟದ ಏಣಿ ಹತ್ತೋಕೆ ಹೋಗಿ ಅರ್ಧದಲ್ಲೇ ಕೂತುಬಿಟ್ಟರು. ತಿಪಟೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇನ್ಹೇಲರ್ ಬರೆದುಕೊಟ್ಟು, ನೇರವಾಗೇ ಹೇಳಿದರು. "ಯಜಮಾನ್ರೇ, ಬೀಡಿ ಬಿಟ್ಟರೆ ಅಟ್ಟ ಹತ್ತುತೀರಾ. ಬಿಡದಿದ್ದರೆ ಚಟ್ಟ ಹತ್ತುತೀರಾ. ಯಾವುದು ಅಂತ ನೀವೇ ಯೋಚನೆ ಮಾಡಿ."

ಬಸ್ಸಲ್ಲಿ ಊರು ಬರೋವರೆಗೂ ಅತ್ತೆ ಒಂದು ಮಾತಾಡಲಿಲ್ಲ. ನಮ್ಮತ್ತೆ ಸುಮ್ಮನೆ ಕೂತಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. ನನಗೆ ಅದನ್ನ ಕಂಡೇ ಹೆಚ್ಚು ಭಯ ಆಯ್ತು.

ಒಳಜೇಬು

ಮಾರನೇ ದಿನ ಬೆಳಿಗ್ಗೆ ಅತ್ತೆ ಮಾವನ ಅಂಗಿಗಳನ್ನೆಲ್ಲ ರಾಶಿ ಹಾಕ್ಕೊಂಡು ನನ್ನ ಮುಂದೆ ತಂದು ಸುರಿದರು.

"ಎಲ್ಲದರ ಜೇಬೂ ಹೊಲಿದು ಮುಚ್ಚಿಬುಡು ಕಣೇ. ಜೇಬಿದ್ರೆ ತಾನೇ ಬೀಡಿ ಇಡೋದು?"

ನಾನು ಮುಚ್ಚಿದೆ. ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಹಸುವಿಗೆ ನೀರು ಕುಡಿಸ್ತಿರುವಾಗ ಮಾವ ಮೆಲ್ಲಗೆ ಬಂದರು. ಕೈಯಲ್ಲಿ ಬನಿಯನ್ನು.

"ಲೇ ತಾಯಿ, ಇದರ ಒಳಗಡೆ ಒಂದು ಸಣ್ಣ ಜೇಬು ಹೊಲ್ಕೊಡು. ಬಸ್ಸಲ್ಲಿ ಚಿಲ್ಲರೆ ಕಳ್ಳತನ ಜಾಸ್ತಿಯಾಗಿದೆ."

"ಎಷ್ಟು ಉದ್ದ ಇರಲಿ ಮಾವ?"

ಮಾವ ಬೆರಳಲ್ಲಿ ತೋರಿಸಿದರು. ಸರಿಯಾಗಿ ಒಂದು ಬೀಡಿಯುದ್ದ.

ಹಿರಿಯರ ಮಾತು, ಇಲ್ಲ ಅನ್ನೋಕಾಗುತ್ತಾ? ಹೊಲಿದೆ. ಎರಡು ದಿನಕ್ಕೆ ಬನಿಯನ್ನು ಒಗೆಯೋ ಕಲ್ಲಿನ ಮೇಲೆ ಅತ್ತೆ ಕೈಗೆ ಸಿಕ್ತು. ಅತ್ತೆ ಅದನ್ನ ಬಿಸಿಲಿಗೆ ಹಿಡಿದು ಒಳಗೂ ಹೊರಗೂ ನೋಡಿದರು. ಅವರು ಬೈಯಲಿಲ್ಲ.

"ಹೊಲಿಗೆ ಚೆನ್ನಾಗಿದೆ ಕಣೇ. ನನ್ನ ಜಾಕೀಟಿಗೆ ಯಾವತ್ತಾದ್ರೂ ಇಷ್ಟು ಸಣ್ಣಗೆ ಹೊಲಿದಿದ್ಯಾ?" ಅಂದರು ಅಷ್ಟೇ.

ಬ್ಯಾಟರಿ ನೀರು

ಇದಾದ ಮೇಲೆ ನಮ್ಮೆಜಮಾನ್ರು ತಿಪಟೂರಿನ ಕಲ್ಯಾಣ ಮಂಟಪವೊಂದರಲ್ಲಿ ಯಾವುದೋ ಆರೋಗ್ಯ ಪ್ರದರ್ಶನ ಅಂತ ಹೋಗಿ, ಬರುವಾಗ ಒಂದು ಮಿಷನ್ನನ್ನೂ ಟೈ ಕಟ್ಟಿದ ಒಬ್ಬ ಮನುಷ್ಯನನ್ನೂ ಕರ್ಕೊಂಡು ಬಂದರು. ಮಿಷನ್ನು ಸುಮಾರು ಒಂದು ಬಿಂದಿಗೆ ಗಾತ್ರ. ನೀಲಿ ಲೈಟು. ಒಳಗೆ ನೀರು ಹಾಕಿ ಕರೆಂಟ್ ಕೊಟ್ಟರೆ ನೀರು ಒಡೆದು ಹೈಡ್ರೋಜನ್ ಅನ್ನೋ ಗ್ಯಾಸ್ ಆಗುತ್ತಂತೆ. ಆ ಗ್ಯಾಸು ಮುಂದಿರೋ ಗಾಜಿನ ಡಬ್ಬಿಯಲ್ಲಿ ಗುಳುಗುಳು ಅಂತ ಎದ್ದು, ಕೊಳವೆಯಲ್ಲಿ ಹಾದು ಮೂಗಿಗೆ ಬರುತ್ತಂತೆ.

ಟೈನವರು ಒಂದು ಗಂಟೆ ಭಾಷಣ ಮಾಡಿದರು. ಮಂಡಿ ನೋವಿನಿಂದ ಹಿಡಿದು ಬಕ್ಕತಲೆವರೆಗೂ ಎಲ್ಲ ವಾಸಿಯಾಗುತ್ತೆ ಅನ್ನೋ ಥರ. ನಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಅವರು, "ಅದರಿಂದ ಹೀಗೇ ಆಗುತ್ತೆ ಅಂತ ನಾನು ಹೇಳೋದಿಲ್ಲಮ್ಮ. ಇನ್ಹೇಲರ್ ನಿಲ್ಲಿಸಬೇಡಿ, ಬೀಡಿ ನಿಲ್ಲಿಸಿ" ಅಂದರು.

ಜಗಲಿಯಲ್ಲಿ ಅರ್ಧ ಊರು ಸೇರಿತ್ತು. ಎಲ್ಲರದೂ ಒಂದೇ ಪ್ರಶ್ನೆ. "ಎಳನೀರು ಹಾಕಬಹುದಾ?" ನಮ್ಮ ಕಡೆ ಒಂದು ತೂತಿರೋ ಸಾಮಾನು ಯಾವುದೇ ಬರಲಿ, ಮೊದಲು ಕೇಳೋದು ಅದನ್ನೇ. ಟೈನವರು ಹೌಹಾರಿ, "ಬೇಡ ಬೇಡ! ಬೋರ್ ನೀರೂ ಬೇಡ, ಬಾವಿ ನೀರೂ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೇರೆ ಏನು ಬಿದ್ರೂ ಮಿಷನ್ ಸತ್ತೇ ಹೋಗುತ್ತೆ" ಅಂದರು.

"ಅದೆಲ್ಲಿ ಸಿಗುತ್ತೆ?" ಅತ್ತೆ ಕೇಳಿದರು.

"ಬ್ಯಾಟರಿ ಅಂಗಡೀಲಿ ಸಿಗುತ್ತಮ್ಮ. ಬ್ಯಾಟರಿಗೆ ಹಾಕ್ತಾರಲ್ಲ, ಅದೇ ನೀರು."

ಅಲ್ಲಿವರೆಗೂ ಗೋಡೆಗೊರಗಿ ಸುಮ್ಮನೆ ಕೂತಿದ್ದ ಮಾವ ಕೊಳವೇನ ಮೂಗಿಂದ ಕಿತ್ತು ಎದ್ದು ನಿಂತರು.

"ನನ್ನನ್ನೇನು ಟ್ರ್ಯಾಕ್ಟರ್ ಅಂದ್ಕೊಂಡಿದೀರೇನ್ರೀ?"

ಸೋಪಿನ ಗುಳ್ಳೆ

ಮಿಷನ್ ಜೊತೆ ಒಂದು ಪುಸ್ತಕ ಬಂದಿತ್ತು, ಇಂಗ್ಲಿಷಿನದು. ನನಗೆ ಬಂದಷ್ಟು ಅರ್ಥ ಮಾಡಿಕೊಂಡು ಅತ್ತೆಗೆ ಓದಿ ಹೇಳ್ತಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಹ್ಞೂಂ ಹ್ಞೂಂ ಅಂತಿದ್ದರು, ಮನಸ್ಸೆಲ್ಲ ಕಾಯಲ್ಲೇ ಇತ್ತು. "ಹತ್ತು ಅಡಿ ಒಳಗೆ ಬೆಂಕಿ, ದೀಪ, ಸಿಗರೇಟು, ಬೀಡಿ ಏನೂ ಇರಬಾರದು" ಅಂತ ಓದಿದೆ ನೋಡಿ, ಅತ್ತೆ ಕೈ ನಿಂತುಹೋಯ್ತು.

"ಏನಂದೆ? ಇನ್ನೊಂದ್ಸಲ ಓದು."

ಓದಿದೆ.

"ಬೀಡಿ ಅಂತ ಬರೆದಿದ್ಯಾ?"

"ಧೂಮಪಾನ ಅಂತ ಬರೆದಿದೆ ಅತ್ತೆ. ಬೀಡಿ ಅಂತ ನಾನು ಸೇರಿಸಿದೆ."

"ಒಳ್ಳೇ ಕೆಲಸ ಮಾಡಿದೆ. ಹಂಗೇ ಇರಲಿ."

ಆದರೆ ಬರಿ ಬರಹ ಮಾವನ ಹತ್ತಿರ ನಡೆಯಲ್ಲ ಅಂತ ಅತ್ತೆಗೆ ಗೊತ್ತು. ಬೀಡಿ ಕಟ್ಟಿನ ಮೇಲೂ ಬೇಕಾದಷ್ಟು ಬರೆದಿರ್ತಾರೆ, ಯಾರು ಕೇಳ್ತಾರೆ? ಮಾರನೇ ದಿನವೇ ಟೈನವರನ್ನ ಕರೆಸಿದರು. "ಬೆಂಕಿ ತಗುಲಿದ್ರೆ ಏನಾಗುತ್ತೆ ಅಂತ ಕಣ್ಣಾರೆ ತೋರಿಸಪ್ಪ. ಇಲ್ಲಾಂದ್ರೆ ಮಿಷನ್ ವಾಪಸ್ ತಗೊಂಡೋಗು."

ಪಾಪ, ಆ ಮನುಷ್ಯ ಬೆವೆತುಹೋದ. ಕೊನೆಗೆ ಒಂದು ತಟ್ಟೇಲಿ ಸೋಪಿನ ನೀರು ಕಲಸಿ, ಕೊಳವೆ ತುದಿ ಅದ್ದಿ, ನಾಲ್ಕು ಗುಳ್ಳೆ ಎಬ್ಬಿಸಿದ. ಮಿಷನ್ ನಿಲ್ಲಿಸಿ, ತಟ್ಟೇನ ದೂರ ಅಂಗಳದ ಮಧ್ಯಕ್ಕೆ ತಗೊಂಡು ಹೋಗಿ ಇಟ್ಟು, ಒಂದುದ್ದ ತೆಂಗಿನ ಕಡ್ಡಿಗೆ ಬೆಂಕಿ ಹಚ್ಚಿ, ಮುಖ ಆ ಕಡೆ ತಿರುಗಿಸಿಕೊಂಡು ಮುಟ್ಟಿಸಿದ.

ಫಟ್!

ಕೋಳಿಗಳು ಹಾರಿ ಬೇಲಿ ದಾಟಿದವು. ಹಸು ಹಗ್ಗ ಜಗ್ಗಿತು. ಮಾವ ಪಂಚೆ ಎತ್ತಿಕೊಂಡು ಕೊಟ್ಟಿಗೆ ಹಿಂದಕ್ಕೆ ಓಡಿದರು. ಉಸಿರಾಡೋಕೆ ಕಷ್ಟ ಅನ್ನೋ ಮನುಷ್ಯ ಓಡಿದ್ದು ನೋಡಬೇಕಿತ್ತು ನೀವು.

ಅತ್ತೆ ಮಾತ್ರ ನಿಂತ ಜಾಗದಿಂದ ಅಲ್ಲಾಡಲಿಲ್ಲ. ಮುಖ ಹುಣ್ಣಿಮೆ ಚಂದ್ರನ ಹಾಗೆ ಅರಳಿತ್ತು. ಟೈನವರ ಕಡೆ ತಿರುಗಿ, "ಇದನ್ನ ಮೊದಲೇ ತೋರಿಸೋದಲ್ವಾ? ಸುಮ್ನೆ ಬಕ್ಕತಲೆ ಅದೂ ಇದೂ ಅಂತ ಒಂದು ಗಂಟೆ ಹಾಳು ಮಾಡಿದೆ" ಅಂದರು.

ಕರೆಂಟ್ ತೆಗಿಯಪ್ಪಾ

ಅಲ್ಲಿಂದ ಶುರುವಾಯ್ತು ನೋಡಿ ಅತ್ತೆ ಆಡಳಿತ. ಟೈನವರು ಹೇಳಿದ್ದು ದಿನಕ್ಕೆ ಒಂದು ಗಂಟೆ ಸಾಕು ಅಂತ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಿಷನ್ ಹಚ್ಚಿದರೆ ರಾತ್ರಿ ಊಟದವರೆಗೂ ಆರಿಸೋರಲ್ಲ. ಮಾವ ಜಗಲಿಗೆ ಬಂದರೆ ಮಿಷನ್ನೂ ಜಗಲಿಗೆ. ಮಾವ ಹಿತ್ತಲಿಗೆ ಹೋದರೆ ಮಿಷನ್ನೂ ಹಿತ್ತಲಿಗೆ. ಅಡುಗೆ ಸಿಲಿಂಡರಿನ ಕೆಳಗೆ ಗಾಲಿ ಇರೋ ಸ್ಟ್ಯಾಂಡ್ ಇರುತ್ತಲ್ಲ, ಅದರ ಮೇಲೆ ಕೂರಿಸಿ, ಉದ್ದನೇ ವೈರು ಎಳ್ಕೊಂಡು, ಗಡಗಡ ಅಂತ ತಳ್ಳಿಕೊಂಡು ಹೋಗೋರು. ಕಾಯಿ ಸುಲಿಯೋ ಕಣದವರೆಗೂ ಹೋಯ್ತು ಆ ಗಾಡಿ. ಕಾಯಿ ಸುಲಿಯೋರು ಅತ್ತೆ ಬರೋ ಶಬ್ದ ಕೇಳಿದರೆ ತಮ್ಮ ಬೀಡಿನೂ ಆರಿಸಿ ಮಣ್ಣಲ್ಲಿ ಹೂತುಬಿಡೋರು.

ಪುಸ್ತಕದಲ್ಲಿದ್ದ ಹತ್ತು ಅಡಿ ಅತ್ತೆ ಬಾಯಲ್ಲಿ ಹತ್ತು ಮಾರು ಆಯ್ತು. "ಅತ್ತೆ, ಅದು ಅಡಿ" ಅಂತ ನಾನು ಅಂದರೆ, "ಅಡಿ ಅನ್ನೋದು ಪ್ಯಾಟೆ ಲೆಕ್ಕ. ನಮ್ಮ ಕಡೆ ಗಾಳಿ ಜೋರು, ಮಾರೇ ಸರಿ" ಅಂದುಬಿಟ್ಟರು. ಮಾರು ಅಂದರೆ ಎರಡೂ ಕೈ ಚಾಚಿದಷ್ಟುದ್ದ; ಹತ್ತು ಮಾರು ಅಂದರೆ ನಮ್ಮ ಮನೆ, ಅಂಗಳ, ಕೊಟ್ಟಿಗೆ, ಪಕ್ಕದ ಮನೆಯವರ ಅರ್ಧ ಹಜಾರ ಎಲ್ಲ ಸೇರುತ್ತೆ.

ಮಾವನಿಗೆ ಉಳಿದಿದ್ದು ಒಂದೇ ದಾರಿ, ಕರೆಂಟು. ಕರೆಂಟ್ ಹೋದರೆ ಮಿಷನ್ ನಿಲ್ಲುತ್ತೆ. ಮಿಷನ್ ನಿಂತರೆ ಬೀಡಿ ಹಚ್ಚಬಹುದು. ಕರೆಂಟ್ ಹೋದಾಗಲೆಲ್ಲ ಇಲಾಖೆಯ ಏಳು ತಲೆಮಾರನ್ನ ಬೈತಿದ್ದ ಮನುಷ್ಯ, ಈಗ ಕರೆಂಟ್ ಹೋದರೆ ಹಬ್ಬ ಬಂದಂಗೆ ಎದ್ದು ಹೊರಡೋರು. ಅತ್ತೆ ಅದನ್ನ ಕಂಡು, "ಎಲ್ಲಿಗ್ರೀ? ಮಿಷನ್ ಮಾತ್ರ ನಿಂತಿರೋದು. ಆಗ್ಲೇ ಬಿಟ್ಟಿರೋ ಗ್ಯಾಸ್ ಇನ್ನೂ ಮನೆ ಸುತ್ತ ತಿರುಗ್ತಾ ಇರುತ್ತೆ" ಅಂತ ಕೂರಿಸಿಬಿಡೋರು.

ಒಂದು ದಿನ ಲೈನ್‌ಮನ್ ನನ್ನ ಕಿಟಕಿ ಹತ್ತಿರ ಬೈಕ್ ನಿಲ್ಲಿಸಿದ. ಬೈಕಿನ ಎರಡೂ ಕಡೆ ಎರಡು ಚೀಲ ಕಾಯಿ ನೇತಾಡ್ತಿತ್ತು. ಮುಖದಲ್ಲಿ ಗೊಂದಲ.

"ಅಕ್ಕಾ, ನೀವೇ ನ್ಯಾಯ ಹೇಳಿ. ಈ ಚೀಲ ನಿಮ್ಮತ್ತೆ ಕೊಟ್ಟಿದ್ದು, 'ಕರೆಂಟ್ ತೆಗಿಯೋ ಮುಂಚೆ ನಂಗೊಂದು ಫೋನ್ ಮಾಡಪ್ಪ, ನಾನು ಹುಷಾರಾಗಿರ್ತೀನಿ' ಅಂತ. ಈ ಚೀಲ ನಿಮ್ಮಾವ ಕೊಟ್ಟಿದ್ದು, 'ದಿನಾ ಊಟ ಆದ್ಮೇಲೆ ಒಂದ್ ಹತ್ತು ನಿಮಿಷ ತೆಗಿಯಪ್ಪಾ, ಪುಣ್ಯ ಬರುತ್ತೆ' ಅಂತ."

"ನೀನೇನು ಮಾಡ್ತೀಯಪ್ಪ ಈಗ?"

"ನಾನೇನ್ ಮಾಡ್ಲಕ್ಕಾ? ಈ ಕೆಲಸಕ್ಕೆ ಸೇರಿದಾಗಿಂದ ಕರೆಂಟ್ ಹೋಯ್ತು ಅಂತ ಬೈಸಿಕೊಂಡಿದೀನಿ. ಹೋಗ್ಲಿ ಅಂತ ಕಾಯಿ ಕೊಟ್ಟೋರನ್ನ ನೋಡಿದ್ದು ನಿಮ್ಮನೇಲೇ."

ಬರೀ ಗಾಳಿ

ಒಂದು ಮಾತು ಹೇಳಬೇಕು. ಅತ್ತೆ ಬರೀ ಕಾವಲು ಕಾಯ್ತಿರಲಿಲ್ಲ. ಬೀಡಿ ಬಿಟ್ಟವರ ಬಾಯಿ ಚಡಪಡಿಸುತ್ತೆ ಅಂತ ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಮಾವನ ಹಳೇ ಬೀಡಿ ಡಬ್ಬಿಯನ್ನ ತೊಳೆದು ಒಣಗಿಸಿ, ಅದರ ತುಂಬ ಸಣ್ಣಗೆ ಹೆಚ್ಚಿದ ಕೊಬ್ಬರಿ, ಕಲ್ಲುಸಕ್ಕರೆ ತುಂಬಿಸಿ ಅದೇ ಜಾಗದಲ್ಲಿ ಇಡೋರು. ಮಾವ ಅಭ್ಯಾಸ ಬಲದಿಂದ ಕೈ ಹಾಕೋರು, ಬೈಕೊಂಡು ಒಂದು ಚೂರು ಬಾಯಿಗೆ ಹಾಕ್ಕೊಳ್ಳೋರು. ಬೈಗುಳ ದಿನದಿನಕ್ಕೆ ಕಮ್ಮಿಯಾಯ್ತು. ಕೊಬ್ಬರಿ ದಿನದಿನಕ್ಕೆ ಜಾಸ್ತಿ ಖರ್ಚಾಯ್ತು. ನಮ್ಮತ್ತೆಯ ಈ ಬುದ್ಧಿಗೆ ನಾನು ಮನಸ್ಸಲ್ಲೇ ಕೈ ಮುಗಿದಿದ್ದೀನಿ.

ಇಷ್ಟರಲ್ಲಿ ಮಿಷನ್ನಿನ ಸುದ್ದಿ ಊರೂರು ದಾಟಿತ್ತು. ನನ್ನ ಹತ್ತಿರ ಬ್ಲೌಸಿಗೆ ಬಂದವರಿಗೆಲ್ಲ, "ಬಂದಿದೀಯ, ಒಂದೈದು ನಿಮಿಷ ಎಳ್ಕೊಂಡು ಹೋಗು" ಅಂತ ಅತ್ತೆ ಉಪಚಾರ. ಆಗ ಎದ್ದಿತು ದೊಡ್ಡ ಪ್ರಶ್ನೆ. ಒಬ್ಬರ ಮೂಗಿಗೆ ಇಟ್ಟ ಕೊಳವೆ ಇನ್ನೊಬ್ಬರಿಗೆ ಎಂಜಲು ತಾನೇ? ಸಂಪಿಗೆ ಅನ್ನೋ ಊರಿಂದ ಬರ್ತಿದ್ದ ಒಬ್ಬ ಹಿರಿಯಾಕೆ ಹಿಂದಕ್ಕೆ ಸರಿದು, "ನಾನು ಒಲ್ಲೆ ಕಣವ್ವ, ಎಂಜಲು" ಅಂದರು. ಇನ್ನೊಬ್ಬಳು, "ಎಂಜಲು ಅನ್ನೋದು ಬಾಯಿಗೆ, ಮೂಗಿಗೆಲ್ಲಿದೆ?" ಅಂದಳು. ವಾದ ಜೋರಾಯ್ತು. ಅತ್ತೆ ಕೊನೆಗೆ ತೀರ್ಪು ಕೊಟ್ಟರು. "ಮೂಗಿಗೆ ಎಂಜಲಿಲ್ಲ, ನೆಗಡಿ ಇದೆ. ಅವರವರ ಕೊಳವೆ ಅವರವರೇ ತರಬೇಕು."

ಆಮೇಲಿಂದ ನೋಡಬೇಕಿತ್ತು, ಬ್ಲೌಸ್ ಪೀಸಿನ ಜೊತೆ ಒಂದೊಂದು ಕೊಳವೇನೂ ಸುತ್ತಿಕೊಂಡು ಬರೋರು. ಅಳತೆ ಕೊಟ್ಟ ಬ್ಲೌಸ್ ಮರೆತು ಹೋದರೂ ಕೊಳವೆ ಮರೆತು ಹೋಗೋರಲ್ಲ.

ಕಂದಿಕೆರೆಯಿಂದ ಅತ್ತೆಯ ತಮ್ಮನ ಹೆಂಡತಿ ಬಂದಿದ್ದರು. ಅತ್ತೆಗೆ ತವರಿನವರು ಬಂದರೆ ಕಾಲು ನೆಲದ ಮೇಲೆ ನಿಲ್ಲಲ್ಲ. ಮಿಷನ್ ತೋರಿಸಿದ್ದೇ ತೋರಿಸಿದ್ದು, ನೀರು ತುಂಬೋದು ಹೇಗೆ, ಗುಳ್ಳೆ ಏಳೋದು ಎಲ್ಲಿ, ಸೋಪಿನ ತಟ್ಟೆ ಫಟ್ ಅಂದಿದ್ದು ಹೇಗೆ, ಎಲ್ಲ ವಿವರಿಸಿ, ಅವರ ಮೂಗಿಗೂ ಹೊಸ ಕೊಳವೆ ಹಾಕಿ ಕೂರಿಸಿ, ಆ ಸಡಗರದಲ್ಲಿ ಕಾಫಿ ಕೊಡೋದನ್ನೇ ಮರೆತುಬಿಟ್ಟರು. ಬಸ್ ಬಂತು, ಅವರು ಹೊರಟೇಹೋದರು.

ವಾರಕ್ಕೆ ಸುದ್ದಿ ವಾಪಸ್ ಬಂತು. ಕಂದಿಕೆರೆಯಲ್ಲಿ ಮನೆ ಮನೆಗೂ ಹೇಳಿದ್ದರಂತೆ. "ನಮ್ಮತ್ತಿಗೆ ಮನೆಗೆ ಹೋಗಿದ್ದೆ ಕಣ್ರವ್ವ. ಕಾಫಿ ಇಲ್ಲ, ಕೊಬ್ಬರಿ ಬೆಲ್ಲ ಇಲ್ಲ. ಒಂದು ಗಂಟೆ ಕೂರಿಸ್ಕೊಂಡು ಬರೀ ಗಾಳಿ ಕೊಟ್ಟು ಕಳಿಸಿದ್ರು."

ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು. "ಬರೀ ಗಾಳಿಯಂತೆ! ಅಂಥ ಗಾಳೀನ ಅವಳು ಕುಡಿದಿದ್ಲಾ, ಅವಳಪ್ಪ ಕುಡಿದಿದ್ನಾ?" ಅಂತ ಕೂಗಾಡಿ, ಸಂಜೆ ಹೊತ್ತಿಗೆ ತಡೆಯಲಾರದೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ಕಂದಿಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು. ಡಬ್ಬಿ ಜೊತೆ ಒಂದು ಮಾತೂ ಹೇಳಿ ಕಳಿಸಿದರು, "ಗಾಳಿ ಮೇಲೆ ಇದನ್ನ ತಿನ್ನು ಅಂತ ಹೇಳಪ್ಪ."

ಆಯುಧಪೂಜೆ

ಆಯುಧಪೂಜೆ ದಿನ ನಮ್ಮನೇಲಿ ಮಚ್ಚು, ಕುಡುಗೋಲು, ಕಾಯಿ ಸುಲಿಯೋ ಕೋಲು, ನನ್ನ ಹೊಲಿಗೆ ಮಿಷನ್ನು, ಕತ್ತರಿ, ಎಲ್ಲಕ್ಕೂ ಪೂಜೆ. ಆ ವರ್ಷ ಗಾಳಿ ಮಿಷನ್ನಿಗೆ ಮೊದಲ ಮರ್ಯಾದೆ. ಅತ್ತೆ ಅದನ್ನ ಸ್ವಿಚ್ ತೆಗೆದು, ಮುಚ್ಚಳ ಬಿಚ್ಚಿ, ಒಳಗೂ ಹೊರಗೂ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಅಂಗಳದ ಮಧ್ಯೆ ಮಣೆ ಮೇಲೆ ಕೂರಿಸಿದರು.

ಪೂಜೆಗೆ ಬಂದ ಅಯ್ಯನವರು ಕರ್ಪೂರ ಹಚ್ಚೋಕೆ ಹೋದರು.

"ಅಯ್ಯನೋರೆ, ನಿಲ್ಲಿ! ಅದಕ್ಕೆ ಬೆಂಕಿ ತೋರಿಸಬಾರದು, ಹತ್ತು ಮಾರು ಆಚೆ ಹೋಗಬೇಕು."

"ಮಿಷನ್ ಆಫ್ ಆಗಿದೆಯಲ್ಲ ತಾಯಿ?"

ಅತ್ತೆ ಮಾವನ ಕಡೆ ಓರೆಗಣ್ಣಲ್ಲಿ ನೋಡಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದರು. "ಆಫ್ ಆದ್ರೂ ಅಷ್ಟೇ, ಆನ್ ಆದ್ರೂ ಅಷ್ಟೇ. ನಿಯಮ ಅಂದ್ರೆ ನಿಯಮ."

ಅಯ್ಯನವರು ತಟ್ಟೆ ಹಿಡ್ಕೊಂಡು ಹಿಂದೆ ಹಿಂದೆ ನಡೆದು, ಅಂಗಳ ದಾಟಿ, ಗೇಟು ದಾಟಿ, ರಸ್ತೆಗೆ ಹೋಗಿ ನಿಂತು ಅಲ್ಲಿಂದಲೇ ಮಂಗಳಾರತಿ ಎತ್ತಿದರು. ಆ ಹೊತ್ತಿಗೆ ರಸ್ತೆಯಲ್ಲಿ ಬಂದ ಬಸ್ಸು ನಿಂತುಬಿಡ್ತು. ಡ್ರೈವರು, ಕಂಡಕ್ಟರು, ಪ್ಯಾಸೆಂಜರೆಲ್ಲ ತಮಗೇ ಆರತಿ ಅಂದ್ಕೊಂಡು ಕೆಳಗಿಳಿದು ಕೈ ಮುಗಿದು, ತಟ್ಟೆಗೆ ಕಾಸು ಹಾಕಿ ಹೋದರು. ಅಯ್ಯನವರಿಗೆ ಮನಸ್ಸು ತಣ್ಣಗಾಯ್ತು. ಮುಂದಿನ ವರ್ಷವೂ ಹತ್ತು ಮಾರು ಆಚೆಯೇ ಇರಲಿ ಅಂದರು.

ಕೊನೆಗೆ ಕಾಯಿ ಒಡೆಯೋದು. ಅದು ಮಾವನ ಹಕ್ಕು. ನಮ್ಮ ಮಾವ ಕಾಯಿ ಒಡೆದರೆ ಒಂದೇ ಏಟು, ಸರಿಯಾಗಿ ಎರಡು ಹೋಳು. ಅವತ್ತೂ ಒಂದೇ ಏಟು. ನೀರು ಚಿಮ್ಮಿ ಎಲ್ಲರ ಮೈಮೇಲೂ ಬಿತ್ತು. "ಒಳ್ಳೇ ಶಕುನ, ಒಳ್ಳೇ ಶಕುನ" ಅಂದರು ಅಯ್ಯನವರು ರಸ್ತೆಯಿಂದಲೇ.

ಎರಡು ದಿನದ ಮೇಲೆ ಅತ್ತೆ ನನ್ನ ಹತ್ತಿರ ಬಂದರು. "ಮಿಷನ್ ಮುಂದಿನ ಗಾಜಿನ ಡಬ್ಬಿಗೆ ಧೂಳು ಕೂರುತ್ತೆ ಕಣೇ. ಬ್ಲೌಸ್ ಪೀಸ್ ಉಳಿದಿದ್ರೆ ಒಂದು ಗವಸು ಹೊಲಿದುಕೊಡು. ಲೈಟಿಗೊಂದು ತೂತು ಬಿಟ್ಟು ಬಾಕಿ ಎಲ್ಲ ಮುಚ್ಚಿಬುಡು." ಹಸಿರು ರೇಷ್ಮೆ ಪೀಸಿನಲ್ಲಿ, ಕೆಂಪು ಅಂಚು ಕೊಟ್ಟು, ಚೆನ್ನಾಗೇ ಹೊಲಿದುಕೊಟ್ಟೆ. ನೋಡಿದವರೆಲ್ಲ ಅಂಥದೇ ಗವಸು ತಮ್ಮ ಮಿಕ್ಸಿಗೂ ಬೇಕು ಅಂತ ಆರ್ಡರ್ ಕೊಟ್ಟರು.

ಡಾಕ್ಟರ ಸೋಲು

ಬೇಸಿಗೆ ಬರೋ ಹೊತ್ತಿಗೆ ಮಾವ ಏಣಿಯನ್ನ ನಿಲ್ಲದೆ ಹತ್ತಿದರು. ಮೊದಲು ಅರ್ಧ, ಆಮೇಲೆ ಮುಕ್ಕಾಲು, ಒಂದು ದಿನ ಪೂರ್ತಿ. ಅಟ್ಟದ ಮೇಲಿಂದ, "ಲೇ ಇವಳೇ, ಇಲ್ಲಿ ಇಲಿ ಸೇರ್ಕೊಂಡಿದೆ ಕಣೇ" ಅಂತ ಕೂಗಿದ ಧ್ವನಿ ಕೇಳಿ ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದನ್ನ ನಾನು ಕಂಡೆ. ಇಲಿ ಬಂದಿದ್ದಕ್ಕೆ ಅತ್ತವರನ್ನ ಅವತ್ತೇ ನೋಡಿದ್ದು.

ತಿಪಟೂರಿನ ಡಾಕ್ಟರು ಎದೆ ನೋಡಿ, ಊದಿಸಿ ನೋಡಿ, ನಕ್ಕರು. "ಪರವಾಗಿಲ್ಲ ಯಜಮಾನ್ರೇ, ಎಷ್ಟೋ ಸುಧಾರಿಸಿದೀರಿ."

"ಎಲ್ಲ ಮಿಷನ್ ಮಹಿಮೆ ಡಾಕ್ಟ್ರೇ" ಅಂದರು ಅತ್ತೆ.

"ಇಲ್ಲಮ್ಮಾ, ಮಿಷನ್ನಿಂದ ಅಂತ ಹೇಳಬೇಡಿ. ಇದು ಬೀಡಿ ಬಿಟ್ಟಿದ್ದಕ್ಕೆ, ಇನ್ಹೇಲರ್ ಸರಿಯಾಗಿ ತಗೊಂಡಿದ್ದಕ್ಕೆ."

"ಹೌದ್ರಾ? ಬೀಡಿ ಬಿಡಿ ಅಂತ ನೀವು ಹೇಳಿದ್ರಿ, ಬಿಟ್ರಾ? ಮಗ ಹೇಳಿದ, ಬಿಟ್ರಾ? ಜೇಬು ಹೊಲಿದೆವು, ಬಿಟ್ರಾ? ಮತ್ತೆ ಬಿಡಿಸಿದ್ದು ಯಾವುದು ಹೇಳಿ ನೋಡಾನ? ಮಿಷನ್ನಿಂದ ಹತ್ತು ಮಾರು ಒಳಗೆ ಬೆಂಕಿ ಹಚ್ಚೋ ಹಂಗಿಲ್ಲ ಅನ್ನೋ ನಿಯಮ ತಾನೇ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಅದೆಷ್ಟು ಮಾರು ದೂರ ಅಂದ್ರಿ?"

ಸರ್ವೀಸು

ಇನ್ನು ಇದು. ಇದನ್ನ ನಾನು ಬ್ಲೌಸಿಗೆ ಬಂದೋರಿಗೆ ಇನ್ನೂ ಹೇಳಿಲ್ಲ, ನಿಮಗೇ ಮೊದಲು.

ವರ್ಷದ ಸರ್ವೀಸಿಗೆ ಅಂತ ಆ ಟೈನವರೇ ಬಂದರು. ಅತ್ತೆ ಹಿತ್ತಲಲ್ಲಿದ್ದರು, ಮಾವ ಅಟ್ಟದ ಮೇಲೆ. ನಾನು ಮಿಷನ್ ತೋರಿಸಿದೆ. ಅವರು ನನ್ನ ರೇಷ್ಮೆ ಗವಸು ತೆಗೆದರು. ಮುಚ್ಚಳ ಬಿಚ್ಚಿದರು. ಮೂಗು ಮುಚ್ಚಿಕೊಂಡರು.

"ಮೇಡಂ, ಇದರೊಳಗೆ ಏನು ಹಾಕಿದ್ರಿ?"

ನಾನೂ ಬಗ್ಗಿದೆ. ಹುಳಿ ಬಂದ ಕಾಯಿ ನೀರಿನ ವಾಸನೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ಅದನ್ನ ಬೇರೆ ಯಾರಾದರೂ ಹೇಳಬೇಕಾ? ಆಯುಧಪೂಜೆ ದಿನ, ತೆರೆದ ಮುಚ್ಚಳ, ಮಾವನ ಒಂದೇ ಏಟು, ಎಲ್ಲ ಕಣ್ಮುಂದೆ ಬಂತು.

"ಸತ್ತು ಎಷ್ಟೋ ತಿಂಗಳಾಗಿದೆ ಮೇಡಂ ಇದು. ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ ಅಷ್ಟೇ. ಗ್ಯಾಸ್ ಒಂದು ಗುಳ್ಳೆನೂ ಬರ್ತಿಲ್ಲ."

ಹಿಂದಿನಿಂದ ಅತ್ತೆ ಬಂದವರು ನನ್ನ ಕೈ ಹಿಡಿದು ಅಡುಗೆಮನೆಗೆ ಎಳ್ಕೊಂಡು ಹೋದರು. "ನಂಗೊತ್ತು ಕಣೇ. ಅವತ್ತೇ ನೋಡಿದೆ ನೀರು ಬಿದ್ದಿದ್ದನ್ನ. ಗುಳ್ಳೆ ನಿಂತಿದ್ದು ಕಾಣಬಾರದು ಅಂತ್ಲೇ ಗವಸು ಹೊಲಿಸಿದ್ದು. ದಮ್ಮಯ್ಯ ಅಂತೀನಿ, ನಿಮ್ಮಾವನಿಗೆ ಮಾತ್ರ ಹೇಳಬ್ಯಾಡ. ಗ್ಯಾಸಿಲ್ಲ ಅಂತ ಗೊತ್ತಾದ್ರೆ ಮತ್ತೆ ಬೀಡಿ ಹಚ್ತಾರೆ."

ಆಯ್ತು ಅತ್ತೆ ಅಂತ ಆಣೆ ಮಾಡಿ ಈಚೆ ಬಂದೆ. ಅಷ್ಟರಲ್ಲಿ ಮಾವ ಅಟ್ಟದಿಂದ ಇಳಿದಿದ್ದರು, ಕೈಯಲ್ಲೊಂದು ಕಾಯಿ. ನನ್ನನ್ನ ಏಣಿ ಮರೆಗೆ ಕರೆದರು.

"ಲೇ ತಾಯಿ, ಆ ಮನುಷ್ಯ ಮಿಷನ್ ಬಿಚ್ಚಿದನಾ? ಕೆಟ್ಟಿದೆ ಅಂತ ಅಂದನಾ?"

ನಾನು ಸೆರಗಿನ ತುದಿಯಿಂದ ಏಣಿ ಒರೆಸೋಕೆ ಶುರುಮಾಡಿದೆ.

"ನೀನು ಹೇಳಬ್ಯಾಡ ಬುಡು, ನಂಗೊತ್ತು. ಕಾಯಿ ಒಳಗೆ ನೀರಿದ್ಯಾ ಇಲ್ವಾ ಅಂತ ಕಿವೀಲೇ ನೋಡಿಕೊಂಡು ಬದುಕಿದೋನು ನಾನು. ಕಿವಿ ಪಕ್ಕದಲ್ಲೇ ಗುಳುಗುಳು ಅಂತಿದ್ದಿದ್ದು ಹಬ್ಬದ ಮಾರನೇ ದಿನದಿಂದ ಸುಮ್ಮನಾಗಿದ್ದು ಕೇಳಿಸಲ್ವಾ?"

"ಮತ್ತೆ... ಬೀಡಿ ಹಚ್ಚಬಹುದಿತ್ತಲ್ಲ ಮಾವ?"

"ಹೆಂಗ್ ಹಚ್ಚಲಿ? ಹಚ್ಚಿದ್ರೆ ಫಟ್ ಅನ್ನಲ್ಲ. ಫಟ್ ಅನ್ನದಿದ್ರೆ ಮಿಷನ್ ಕೆಟ್ಟಿದೆ ಅಂತ ಅವಳಿಗೆ ಗೊತ್ತಾಗುತ್ತೆ. ದಿನಾ ಬೆಳಿಗ್ಗೆ ಎಷ್ಟು ಅಕ್ಕರೆಯಿಂದ ನೀರು ತುಂಬ್ತಾಳೆ ನೋಡಿದೀಯಾ? ಆ ಗಾಡಿ ತಳ್ಕೊಂಡು ನನ್ನ ಹಿಂದೆ ಹಿಂದೆ ಬರ್ತಾಳೆ. ಪಾಪ, ಕಾಯಿ ಒಡೆದು ಕೆಡಿಸಿದೋನು ನಾನು. ಅವಳಿಗೆ ಹೇಳಬ್ಯಾಡ ಕಣಮ್ಮಾ, ತುಂಬ ನೊಂದ್ಕೋತಾಳೆ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಒಟ್ಟಿಗೇ ಮಾಡಿದೆ. ಇವರಿಗೂ ಆಣೆ ಮಾಡಿ ಕೊಟ್ಟೆ. ಒಳಜೇಬು ಹೊಲಿದ ಕೈಯಲ್ಲೇ ಎರಡು ಗುಟ್ಟನ್ನೂ ಹೊಲಿದು ಮುಚ್ಚಿದ ಹಾಗಾಯ್ತು.

ಟೈನವರು ಜಗಲಿಯಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕಾಯ್ತಿದ್ದರು. ಅತ್ತೆ ಬಂದು, "ರಿಪೇರಿ ಏನೂ ಬೇಡಪ್ಪ" ಅಂತ ಪಿಸುಗುಟ್ಟಿ ಹೋದರು. ಮಾವ ಬಂದು, "ಏನೂ ಮುಟ್ಟಬ್ಯಾಡ ಕಣಯ್ಯಾ, ಹಂಗೇ ಇರಲಿ" ಅಂತ ಪಿಸುಗುಟ್ಟಿ ಹೋದರು.

"ಮೇಡಂ, ನಾನೀಗ ಏನು ಸರ್ವೀಸ್ ಮಾಡಲಿ?" ಅಂದರು ಆತ.

"ಲೈಟ್ ಸ್ವಲ್ಪ ಮಂಕಾಗಿದೆ ನೋಡಿ, ಅದನ್ನ ಜೋರು ಮಾಡಿ" ಅಂದೆ.

ಲೈಟ್ ಬದಲಾಯಿಸಿ, ಗವಸು ಹಾಕಿ, ತಲೆ ಕೆರೆದುಕೊಂಡು ಆ ಮನುಷ್ಯ ಅಂಗಳಕ್ಕೆ ಇಳಿದರು. ಏನು ಮಾಡಬೇಕೋ ತೋಚದೆ ಜೇಬಿಂದ ಒಂದು ಸಿಗರೇಟ್ ತೆಗೆದು, ತುಟಿಗಿಟ್ಟು, ಬೆಂಕಿಕಡ್ಡಿ ಗೀರಿದರು.

ಹಿತ್ತಲಿಂದ ಅತ್ತೆ, ಅಟ್ಟದ ಏಣಿ ಮೇಲಿಂದ ಮಾವ, ಇಬ್ಬರೂ ಒಂದೇ ಉಸಿರಲ್ಲಿ ಕೂಗಿದರು.

"ಏಯ್! ಮಿಷನ್ ಆನ್ ಇದೆ ಕಣಯ್ಯಾ! ಹತ್ತು ಮಾರು ಆಚೆ ಹೋಗು!"

ಕಡ್ಡಿ ಒಂದು ಕಡೆ, ಸಿಗರೇಟ್ ಒಂದು ಕಡೆ ಎಸೆದು ಆತ ಗೇಟಿನಾಚೆಗೆ ಓಡಿದರು. ಅಲ್ಲಿಂದಲೇ ಕತ್ತು ಚಾಚಿ ಕೇಳಿದರು.

"ಮೇಡಂ... ಸರಿಯಾಗೇ ನೋಡಿದೆನಾ ನಾನು? ಅದು ನಿಜವಾಗ್ಲೂ ಕೆಟ್ಟಿದೆಯಾ?"